ಪಿಕಪ್ ಹಳೆಯದೋ ಹೊಸದೋ? ಮೊದಲು ನಂಬರ್ ಪ್ಲೇಟ್ ನೋಡಿ

ಬೆಂಗಳೂರು ಬಿಟ್ಟು ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ತೋಟ ತೆಗೆದುಕೊಂಡಿದ್ದೀರಿ, ಸಂತೋಷ. ತೋಟಕ್ಕೊಂದು ಗಾಡಿ ಬೇಕು. ಪುತ್ತೂರಿನಲ್ಲಿ ನೋಡಿದ 2018ರ ಬೊಲೆರೊ ಪಿಕಪ್ ಕೊಳ್ಳಬೇಕಾ, ಶೋರೂಮಿನ ಹೊಸ ಬೊಲೆರೊ ಮ್ಯಾಕ್ಸ್ ಪಿಕಪ್ ಬುಕ್ ಮಾಡಬೇಕಾ ಎಂದು ಕೇಳಿದ್ದೀರಿ. ಎಂಜಿನ್, ಮೈಲೇಜು, ಸೀಟು, ಸ್ಟೇರಿಂಗು ಎಲ್ಲ ವಿವರವಾಗಿ ಬರೆದಿದ್ದೀರಿ. ಪುತ್ತೂರಿನ ಗಾಡಿಯ ನಂಬರ್ ಯಾವುದು ಅಂತ ಮಾತ್ರ ಬರೆದಿಲ್ಲ. ಪುತ್ತೂರು ಆರ್‌ಟಿಒದ ಕೆಎ-21 ಇರಬೇಕು ಅಲ್ವಾ? ನಮ್ಮ ಕಡೆ ಲೆಕ್ಕ ಶುರುವಾಗುವುದೇ ಅಲ್ಲಿಂದ.

ನೀವು ಹೊಸಬರು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಡ್ಕಸ್ಥಳ ದಾಟಿ ಅಡ್ಯನಡ್ಕಕ್ಕೆ ಬಂದರೆ ಕರ್ನಾಟಕ. ಈಚೆ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಎಲ್ಲ ಕೇರಳ. 1956ರ ನವೆಂಬರ್ 1ಕ್ಕೆ ಮೊದಲು ಎರಡೂ ಕಡೆ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ಗಡಿ ಬಂತು, ಬದುಕು ಮಾತ್ರ ಹಾಗೇ ಉಳಿಯಿತು. ರೇಷನ್ ಕಾರ್ಡು ಈಚೆ, ಆಸ್ಪತ್ರೆ ಮಂಗಳೂರಿನಲ್ಲಿ, ಮಗಳನ್ನು ಕೊಟ್ಟದ್ದು ವಿಟ್ಲಕ್ಕೆ, ಮದುವೆಯ ಜವಳಿ ಪುತ್ತೂರಿನಿಂದ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕೂಡ 1973ರಲ್ಲಿ ಹುಟ್ಟಿದ್ದೇ ಎರಡೂ ರಾಜ್ಯದವರಿಗೆ ಸೇರಿಸಿ. ಅಡಿಕೆ ಬದಿಯಡ್ಕಕ್ಕೂ ಹೋಗುತ್ತದೆ, ಪುತ್ತೂರಿಗೂ ಹೋಗುತ್ತದೆ. ದರ ಎಲ್ಲಿ ಜಾಸ್ತಿಯೋ ಅಲ್ಲಿಗೆ. ಬರುವಾಗ ಡೀಸೆಲ್ ಆಚೆಯೇ ತುಂಬಿಸಿಕೊಂಡು ಬರುತ್ತೇವೆ. ಲೀಟರಿಗೆ ಕೆಲವು ರೂಪಾಯಿ ಕಮ್ಮಿ. ಕೇರಳದಲ್ಲಿ 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಸೇರಿದೆ.

ಹೀಗೆ ಎಲ್ಲವೂ ಗಡಿ ದಾಟುತ್ತದೆ. ದಾಟದೆ ನಿಲ್ಲುವುದು ಗಾಡಿಯ ಕಾಗದ ಒಂದೇ.

ಕೆಎ ನಂಬರಿನ ಗಾಡಿ ಕೊಂಡು ಈಚೆ ಇಟ್ಟುಕೊಂಡರೆ ಏನಾಗುತ್ತದೆ? ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟ ವಾಹನಕ್ಕೆ ಅಲ್ಲಿನ ನಂಬರ್ ತೆಗೆದುಕೊಳ್ಳಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಅದಕ್ಕೆ ಮೊದಲು ಪುತ್ತೂರು ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಅಂದರೆ ಫಾರ್ಮ್ 28. ಸಾಲ ಇದ್ದರೆ ಅದು ತೀರಿದೆ ಎಂಬ ಬ್ಯಾಂಕಿನ ಕಾಗದ ಮತ್ತು ಫಾರ್ಮ್ 35. ಮಾರುವವನ ಹೆಸರಿನಲ್ಲಿ ಚಲನ್ ಬಾಕಿ ಇರಬಾರದು, ತೆರಿಗೆ ಬಾಕಿ ಇರಬಾರದು. ಇಷ್ಟೆಲ್ಲ ಆದ ಮೇಲೆ ಕಾಸರಗೋಡಿಗೆ ಬಂದು ಕೇರಳದ ತೆರಿಗೆ ಕಟ್ಟಿ ಕೆಎಲ್-14 ನಂಬರ್ ಪಡೆಯಬೇಕು. ಆಚೆ ಮೊದಲೇ ಕಟ್ಟಿದ ತೆರಿಗೆಯಲ್ಲಿ ಏನಾದರೂ ವಾಪಸ್ ಬರಬೇಕಾದರೆ ಅದಕ್ಕೆ ಬೇರೆ ಅರ್ಜಿ, ಬೇರೆ ಓಡಾಟ. ನಿಮ್ಮ ಬೆಂಗಳೂರು ವಿಳಾಸದ ಆಧಾರ್ ತೋರಿಸಿ ಕರ್ನಾಟಕದಲ್ಲೇ ಹೆಸರು ಬದಲಾಯಿಸಿಕೊಳ್ಳಬಹುದು, ಸುಲಭವೂ ಹೌದು. ಆದರೆ ಗಾಡಿ ರಾತ್ರಿ ನಿಲ್ಲುವುದು ಕೇರಳದ ಅಂಗಳದಲ್ಲಿ. ಕೆಎ ಪ್ಲೇಟಿನಲ್ಲೇ ವರ್ಷಗಟ್ಟಲೆ ಓಡಿಸುವವರು ಈ ಕಡೆ ಬೇಕಾದಷ್ಟು ಜನ ಇದ್ದಾರೆ, ನೀವೂ ನೋಡುತ್ತೀರಿ. ಅವರಿಗೆಲ್ಲ ಆಚೆ ಮನೆಯೂ ಉಂಟು, ನೆಂಟರೂ ಉಂಟು, ಹೇಳಲು ಉತ್ತರವೂ ಉಂಟು. ಹೊಸಬರಾದ ನೀವು ಆ ಸಾಹಸಕ್ಕೆ ಹೋಗಬೇಡಿ.

ಹಾಗಾಗಿ ಪುತ್ತೂರಿನ ಗಾಡಿ ಇಲ್ಲಿಯದಕ್ಕಿಂತ ನಲವತ್ತು ಸಾವಿರ ಕಮ್ಮಿ ಅಂದರೆ ಅದು ಕಮ್ಮಿ ಅಲ್ಲ. ಕಾಗದಕ್ಕೆ, ಏಜೆಂಟಿಗೆ, ಕೆಲಸ ಬಿಟ್ಟು ಆಫೀಸಿನ ಮುಂದೆ ನಿಂತ ದಿನಗಳಿಗೆ ಅಷ್ಟು ಹೋಗಿಯೇ ಹೋಗುತ್ತದೆ.

ಹಾಗಂತ ಕೆಎಲ್-14ರ ಗಾಡಿ ಸಿಕ್ಕಿದ ಕೂಡಲೇ ಅಡ್ವಾನ್ಸ್ ಕೊಡಬೇಡಿ. ಇಲ್ಲಿಯ ತೊಡಕುಗಳೂ ಕೆಲವು ಉಂಟು. ಕೇರಳದಲ್ಲಿ ಹಳದಿ ಬೋರ್ಡಿನ ಗಾಡಿಗೆ ತೆರಿಗೆ ಕಟ್ಟಬೇಕಾದರೆ ಮೋಟಾರು ಕಾರ್ಮಿಕರ ಕ್ಷೇಮನಿಧಿಗೆ ಹಣ ಕಟ್ಟಿದ ರಶೀದಿ ತೋರಿಸಬೇಕು. ಕರ್ನಾಟಕದಿಂದ ಬಂದವರಿಗೆ ಇದು ಗೊತ್ತೇ ಇರುವುದಿಲ್ಲ. ಮಾರುವವನು ವರ್ಷಗಟ್ಟಲೆ ಕಟ್ಟದೆ ಇದ್ದರೆ ಆ ಗಂಟು ನಿಮ್ಮ ತಲೆಗೆ. 2023ರ ಜೂನ್‌ನಿಂದ ರಸ್ತೆಯಲ್ಲಿ ಕ್ಯಾಮೆರಾಗಳು ದಂಡ ಹಾಕುತ್ತಿವೆ. ಸೀಟ್ ಬೆಲ್ಟ್ ಹಾಕದ ಡ್ರೈವರನ ಫೋಟೋಗಳು ಗಾಡಿಯ ನಂಬರಿನ ಮೇಲೆ ಸಾಲಾಗಿ ಕೂತಿರುತ್ತವೆ. ಸಾರಿಗೆ ಇಲಾಖೆಯ ಪರಿವಾಹನ್ ಸೈಟಿನಲ್ಲಿ ನಂಬರ್ ಹಾಕಿದರೆ ಎರಡು ನಿಮಿಷದ ಕೆಲಸ, ಮಾರುವವನ ಎದುರಿಗೇ ನೋಡಿ.

ಫಿಟ್‌ನೆಸ್ ವಿಷಯ: ಸಾರಿಗೆ ವಾಹನಕ್ಕೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 2018ರ ಗಾಡಿಗೆ 2026ರಿಂದ ವರ್ಷ ವರ್ಷ ಬ್ರೇಕು, ಲೈಟು, ಬಣ್ಣ, ರಿಫ್ಲೆಕ್ಟರು ಎಲ್ಲ ಸರಿ ಮಾಡಿಸಿ ತೋರಿಸಬೇಕು. ಆ ಖರ್ಚನ್ನು ಹಳೆಯ ಗಾಡಿಯ ಬೆಲೆಗೆ ಯಾರೂ ಸೇರಿಸುವುದಿಲ್ಲ.

ಈಗ ಗಾಡಿಗೆ ಬರೋಣ. ಈ ಕಡೆಯ ಹಳೆಯ ಪಿಕಪ್‌ಗೆ ಎರಡು ರೋಗ. ಒಂದು ಮುರಕಲ್ಲು, ಇನ್ನೊಂದು ಮೈಲುತುತ್ತು.

ಮುರಕಲ್ಲು ಅಂದರೆ ನಿಮ್ಮ ಮನೆಯ ಗೋಡೆಗೆ ಕಟ್ಟಿದ ಆ ಕೆಂಪು ಕಲ್ಲು. ಒಂದೊಂದು ಸುಮಾರು 30 ಕೆಜಿ ತೂಗುತ್ತದೆ. 1.3 ಟನ್ ಹೊರುವ ಗಾಡಿಗೆ ನಲವತ್ತು ಚಿಲ್ಲರೆ ಕಲ್ಲು ಹಾಕಿದರೆ ಮುಗಿಯಿತು. ಕೋರೆಯಿಂದ ಅಷ್ಟೇ ಕಲ್ಲು ಹಾಕಿಕೊಂಡು ಬರುವ ಪಿಕಪ್ ಎಲ್ಲಾದರೂ ಕಂಡರೆ ನನಗೂ ತೋರಿಸಿ ಮಾರಾಯ್ರೆ. ಕಲ್ಲಿನ ಬಾಡಿಗೆ ಹೊಡೆದ ಗಾಡಿಯ ಎಂಜಿನ್ ಚೆನ್ನಾಗಿಯೇ ಕೇಳಿಸಬಹುದು. ಚಾಸಿ (ಗಾಡಿಯ ಅಡಿಯ ಚೌಕಟ್ಟು), ಹಿಂದಿನ ಲೀಫ್ ಸ್ಪ್ರಿಂಗು, ಗೇರ್‌ಬಾಕ್ಸು, ಕ್ಲಚ್ಚು ಸುಸ್ತಾಗಿರುತ್ತವೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ, ಒಂದು ಕಡೆ ತಗ್ಗಿದ್ದರೆ ಲೀಫ್ ಸೋತಿದೆ. ಲೀಫ್‌ಗೆ ಮೇಲಿಂದ ಇನ್ನೊಂದೆರಡು ಪ್ಲೇಟ್ ಸೇರಿಸಿದ್ದರೆ ಅದು ಏನು ಹೊತ್ತಿದೆ ಅಂತ ಕೇಳುವ ಅಗತ್ಯವೇ ಇಲ್ಲ.

ಮೈಲುತುತ್ತಿನದು ಇನ್ನೂ ಮೋಸ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದರ ಡ್ರಮ್ಮು, ಪಂಪು, ಮೈಲುತುತ್ತಿನ ಚೀಲ ಎಲ್ಲ ಹೋಗುವುದು ಪಿಕಪ್‌ನ ಹಿಂದೆ. ಆ ನೀಲಿ ನೀರು ಚೆಲ್ಲಿ ಮ್ಯಾಟಿನ ಅಡಿಗೆ ಇಳಿದರೆ ಕಬ್ಬಿಣವನ್ನು ತಿನ್ನಲು ಶುರು. ಅದರ ಮೇಲೆ ಹಟ್ಟಿಗೊಬ್ಬರ, ರಾಸಾಯನಿಕ ಗೊಬ್ಬರ, ನಾಲ್ಕು ತಿಂಗಳ ಮಳೆ. ಮೇಲೆ ಮಾತ್ರ ಹೊಸ ಬಣ್ಣ ಬಳಿದು ಫಳಫಳ ಮಾಡಿ ನಿಲ್ಲಿಸಿರುತ್ತಾರೆ.

ನನ್ನ ಭಾವ ಒಂದು ಗಾಡಿ ನೋಡಲು ಹೋದಾಗ ನಾನೂ ಜೊತೆಗಿದ್ದೆ. ಮೆಕ್ಯಾನಿಕ್ಕನನ್ನೂ ಕರೆದುಕೊಂಡು ಹೋಗಿದ್ದೆವು. ಮಾರುವವರು ಎಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿದರು. ಮೆಕ್ಯಾನಿಕ್ಕ ಅತ್ತ ನೋಡಲೇ ಇಲ್ಲ. "ಭಟ್ರೇ, ಎಂಜಿನ್ ಮತ್ತೆ ನೋಡುವ, ಅದು ಎಲ್ಲಿಗೂ ಓಡಿ ಹೋಗುವುದಿಲ್ಲ" ಎಂದು ಗೋಣಿ ಹಾಸಿ ಗಾಡಿಯ ಅಡಿಗೆ ಹೋದ. ಸ್ಪಾನರಿನ ಹಿಡಿಯಿಂದ ಹಿಂದಿನ ಬಾಡಿಯ ಅಡ್ಡಪಟ್ಟಿಗಳಿಗೆ ಒಂದೊಂದೇ ತಟ್ಟುತ್ತಾ ಬಂದ. ಟಣ್, ಟಣ್, ಟಣ್. ನಾಲ್ಕನೆಯದಕ್ಕೆ ತಟ್ಟಿದಾಗ ಡಬ್ ಅಂತ ಕೇಳಿಸಿತು, ಜೊತೆಗೆ ಕೆಂಪು ಹುಡಿ ಅವನ ಮುಖದ ಮೇಲೆಯೇ ಉದುರಿತು. ಬಾಡಿಯನ್ನು ಚಾಸಿಗೆ ಕಚ್ಚಿಸುವ ಬೋಲ್ಟಿನ ಸುತ್ತ ಹೊಸ ಬಣ್ಣ ಮಾತ್ರ ಉಳಿದಿತ್ತು, ಒಳಗೆ ಕಬ್ಬಿಣ ಇರಲಿಲ್ಲ. ಮುಖ ಒರೆಸಿಕೊಂಡು ಎದ್ದು ಬಂದು "ಚಾ ಕುಡಿಯುವನಾ?" ಎಂದ. ಅಲ್ಲಿಗೆ ವ್ಯಾಪಾರ ಮುಗಿಯಿತು.

ಹಿಂದಿನ ಬಾಡಿ ಬೇಕಾದರೆ ಹೊಸದು ಕಟ್ಟಿಸಬಹುದು, ಬೆಲೆಯಲ್ಲಿ ಅಷ್ಟು ಇಳಿಸಿ ಕೇಳಿ. ಚಾಸಿಗೆ ತುಕ್ಕು ಹಿಡಿದು ವೆಲ್ಡಿಂಗ್ ಮಾಡಿದ್ದರೆ ಮಾತ್ರ ತಿರುಗಿ ನೋಡಬೇಡಿ.

ಇಷ್ಟೆಲ್ಲ ಇದ್ದರೂ ನಾವು ಹಳೆಯ ಪಿಕಪ್ ಬಿಡುವುದಿಲ್ಲ, ಅದಕ್ಕೆ ಕಾರಣ ಉಂಟು. 2017ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗೆ ಬಂದವು ಬಿಎಸ್4, ಅಂದರೆ ಹೊಗೆ ಮಿತಿಯ ಹಿಂದಿನ ನಿಯಮದವು. ಎರಡೂವರೆ ಲೀಟರಿನ ಆ ಡೀಸೆಲ್ ಎಂಜಿನ್ನನ್ನು ಬಿಚ್ಚಿ ಕಟ್ಟಲು ಬದಿಯಡ್ಕದಲ್ಲೂ ಜನ ಇದ್ದಾರೆ, ವಿಟ್ಲದಲ್ಲೂ ಇದ್ದಾರೆ. ಬಿಡಿಭಾಗ ಪುತ್ತೂರಿನಲ್ಲಿ ಸಿಗುತ್ತದೆ, ಬಸ್ಸಿನಲ್ಲಿ ಹಾಕಿಸಿದರೆ ಸಂಜೆಗೆ ಪೆರ್ಲದಲ್ಲಿ ಇಳಿಸಿಕೊಳ್ಳಬಹುದು. ಜುಲೈ ತಿಂಗಳಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟಿಲ್ಲದೆ, ನೆಟ್‌ವರ್ಕೂ ಇಲ್ಲದೆ ಕೂತಿರುವಾಗ ಈ ಮಾತಿನ ಬೆಲೆ ಗೊತ್ತಾಗುತ್ತದೆ.

2020ರ ಏಪ್ರಿಲ್ ನಂತರದವು ಬಿಎಸ್6. ಹೊಗೆ ಕಮ್ಮಿ, ಒಳ್ಳೆಯದೇ. ಆದರೆ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಕೆಲವಕ್ಕೆ ಯೂರಿಯಾ ದ್ರಾವಣವನ್ನೂ ತುಂಬಿಸಬೇಕು. ಆ ಫಿಲ್ಟರ್ ತಾನಾಗಿ ಮಸಿ ಸುಟ್ಟುಕೊಳ್ಳಬೇಕಾದರೆ ಗಾಡಿ ಸ್ವಲ್ಪ ಹೊತ್ತು ಬಿಸಿಯಾಗಿ ಒಂದೇ ವೇಗದಲ್ಲಿ ಓಡಬೇಕು. ನಿಮ್ಮ ಗಾಡಿ ಎಲ್ಲಿಗೆ ಹೋಗುತ್ತದೆ ಯೋಚಿಸಿ. ತೋಟದಿಂದ ಅಂಗಳಕ್ಕೆ, ಅಂಗಳದಿಂದ ಸೊಸೈಟಿಗೆ, ಹಿಂಡಿ ತರಲು ಪೇಟೆಗೆ. ಫಸ್ಟು, ಸೆಕೆಂಡು, ತಿರುವು, ಚಡಾವು. ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆ ಬಂತು. ಇಂಥ ಓಡಾಟಕ್ಕೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಬರುತ್ತದೆ. ಆಗ ನಮ್ಮ ಗೋಣಿ ಹಾಸುವ ಮೆಕ್ಯಾನಿಕ್ಕನ ಕೈಯಲ್ಲಿ ಆಗುವುದಿಲ್ಲ, ಸ್ಕ್ಯಾನರ್ ಇರುವಲ್ಲಿಗೆ ಹೋಗಬೇಕು. ನೀವು ನೋಡುತ್ತಿರುವ ಮಾದರಿಯಲ್ಲಿ ಏನಿದೆ, ಅದನ್ನು ಹತ್ತಿರದಲ್ಲಿ ಎಲ್ಲಿ ನೋಡುತ್ತಾರೆ ಅಂತ ಶೋರೂಮಿನಲ್ಲಿ ಬಾಯಿಬಿಟ್ಟು ಕೇಳಿ.

ಹೊಸದರ ಗುಣವನ್ನೂ ಹೇಳಬೇಕು. ಮ್ಯಾಕ್ಸ್ ಪಿಕಪ್‌ನಲ್ಲಿ 2022ರಲ್ಲಿ ಸಿಟಿ ಮಾದರಿ ಬಂತು, 2023ರ ಏಪ್ರಿಲ್‌ನಲ್ಲಿ 1.3 ಟನ್‌ನಿಂದ 2 ಟನ್‌ವರೆಗಿನವು ಬಂದವು. ಡ್ರೈವರ್ ಸೀಟನ್ನು ಎತ್ತರಿಸಬಹುದು, ತಗ್ಗಿಸಬಹುದು. ಗಾಡಿ ಎಲ್ಲಿದೆ, ಹೇಗಿದೆ ಅಂತ ಫೋನಿನಲ್ಲಿ ಕಾಣುತ್ತದೆ. ದಿನವಿಡೀ ಕೂತು ಓಡಿಸುವವರ ಸೊಂಟಕ್ಕೆ ಹೊಸದು ದೊಡ್ಡ ಉಪಕಾರ. ಹಿಂದಿನ ಬಾಡಿಯೂ ಉದ್ದ, ದೊಡ್ಡ ಮಾದರಿಯಲ್ಲಿ 3050 ಮಿಲಿಮೀಟರ್, ಅಂದರೆ ಹತ್ತು ಅಡಿ. ಶೋರೂಮಿನಲ್ಲಿ ಅದನ್ನು ನೋಡಿ ಖುಷಿಯಾಗುತ್ತದೆ. ಎರಡು ಬದಿ ಮುರಕಲ್ಲಿನ ಪಾಗಾರ ಇರುವ ನಿಮ್ಮ ದಾರಿಯ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುತ್ತದಾ, ಟೇಪು ಹಿಡಿದು ನೋಡಿ.

ದೊಡ್ಡದಕ್ಕೆ ಇನ್ನೊಂದು ತೊಡಕು ಉಂಟು. ಸರಕು ಸೇರಿ ಒಟ್ಟು ತೂಕ 3000 ಕೆಜಿ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಡ. ದಾಟಿದರೆ ಬೇಕು, ಪುತ್ತೂರಿಗೆ ಹೋಗುವುದಾದರೆ ಆಚೆಯೂ ನಡೆಯುವ ಪರ್ಮಿಟ್ಟೇ ಬೇಕು. ಗಡಿಯಲ್ಲಿರುವವರಿಗೆ 3000ದ ಒಳಗಿನ ಚಿಕ್ಕ ಗಾಡಿಯೇ ನೆಮ್ಮದಿ. ಆರ್‌ಸಿಯಲ್ಲಿ ಒಟ್ಟು ತೂಕ ಬರೆದಿರುತ್ತದೆ, ಅದನ್ನೇ ನೋಡಿ, ಬ್ರೋಕರ್ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ಲೈಸೆನ್ಸಿನ ಚಿಂತೆ ಬೇಡ. ಕಾರಿನ ಎಲ್‌ಎಂವಿ (ಲಘು ವಾಹನ) ಲೈಸೆನ್ಸಿನಲ್ಲೇ ಇಂಥ ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿ ಮುಗಿಸಿದೆ.

ಚಡಾವಿನಲ್ಲಿ ಹಳೆಯದೂ ಅಷ್ಟೇ, ಹೊಸದೂ ಅಷ್ಟೇ. ಎಂಜಿನ್ನಿನ ಎಳೆತ ಹೋಗುವುದು ಹಿಂದಿನ ಚಕ್ರಕ್ಕೆ, ಖಾಲಿ ಇದ್ದರೆ ಹಿಂದೆ ಭಾರವೇ ಇಲ್ಲ. ಮಳೆಗಾಲದಲ್ಲಿ ಪಾಚಿ ಹಿಡಿದ ದಾರಿಯಲ್ಲಿ ಹತ್ತಿಸುವಾಗ ಚಕ್ರ ನಿಂತಲ್ಲೇ ತಿರುಗುತ್ತದೆ. ನಾಲ್ಕೈದು ಮುರಕಲ್ಲನ್ನು ಹಿಂದಿನ ಆಕ್ಸೆಲ್ಲಿನ ಮೇಲೆ ಬರುವ ಹಾಗೆ ಹಾಕಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ಅಲ್ಲೇ ಇರಲಿ.

ಹಾಗಾದರೆ ಯಾವುದು? ಸ್ವಂತ ತೋಟದ ಕೆಲಸಕ್ಕೆ ಮಾತ್ರ ಅಂದಿದ್ದೀರಿ. ಹಾಗಿದ್ದರೆ ಕೆಎಲ್-14 ನಂಬರಿನ, ಕಲ್ಲು ಹೊರದ, ಬಿಎಸ್4ರ ಚಿಕ್ಕ ಪಿಕಪ್ ಹುಡುಕಿ. ಅಂಗಡಿಗೆ ಸಾಮಾನು ಹಾಕುತ್ತಿದ್ದ ಗಾಡಿ ಸಿಕ್ಕರೆ ಬಹಳ ಒಳ್ಳೆಯದು. ಬಾಡಿಗೆಗೂ ಬಿಡುತ್ತೇನೆ, ಡ್ರೈವರ್ ಇಡುತ್ತೇನೆ, ವಾರದಲ್ಲಿ ಮೂರ್ನಾಲ್ಕು ಸಲ ಮಂಗಳೂರು ಅನ್ನುವುದಾದರೆ ಹೊಸದನ್ನೇ ತೆಗೆದುಕೊಳ್ಳಿ. ಆ ಓಡಾಟದಲ್ಲಿ ಫಿಲ್ಟರಿನ ತೊಂದರೆ ಬರುವುದಿಲ್ಲ, ವಾರಂಟಿಯೂ ಉಪಯೋಗಕ್ಕೆ ಬರುತ್ತದೆ. ಹಳೆಯ ಗಾಡಿಗೆ ಸಾಲದ ಬಡ್ಡಿಯೂ ಜಾಸ್ತಿ, ಕೈಯಲ್ಲಿ ಹಣ ಇದ್ದರೆ ಮಾತ್ರ ಹಳೆಯದು.

ಚೌಕಾಸಿಗೆ ಕೂರುವಾಗ ಒಂದು ವಿಷಯ ಗಮನದಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಸರಕು ಗಾಡಿಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದರೂ ಹಳೆಯದು ಮಾರುವವರು ಮೊದಲಿನ ಲೆಕ್ಕದಲ್ಲೇ ಕೂತಿದ್ದಾರೆ. ಶೋರೂಮಿನ ಈಗಿನ ಕೊಟೇಶನ್ ಪ್ರಿಂಟ್ ತೆಗೆಸಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಮಾತು ಬಂದಾಗ ಮೇಜಿನ ಮೇಲಿಡಿ. ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಗಾಡಿ ನೋಡಲು ಹೋಗುವ ದಿನ ಮೊದಲೇ ಹೇಳಿ. ಮೆಕ್ಯಾನಿಕ್ಕನನ್ನು ನಾನು ಕಳಿಸುತ್ತೇನೆ, ಗೋಣಿ ಅವನೇ ತರುತ್ತಾನೆ.