ಮೀನು ಉಲ್ಟಾ ಆದರೆ ಮೊದಲು ನೀರು ನೋಡಿ

ಈ ಸಲ ಮೂರು ಜಿಲ್ಲೆಯಿಂದಲೂ ಮೀನಿನ ಪ್ರಶ್ನೆಗಳೇ ಬಂದಿವೆ. ಕಲಬುರಗಿಯವರಿಗೆ ಅವಸರ ಜಾಸ್ತಿ ಇದೆ, ಅದಕ್ಕೇ ಅವರ ಪ್ರಶ್ನೆ ಮೊದಲು.

ಪ್ರಶ್ನೆ: ನಮಸ್ಕಾರ ಸರ್. ಮಗಳ ಹುಟ್ಟುಹಬ್ಬಕ್ಕೆ ಎರಡು ಒರಾಂಡಾ ಗೋಲ್ಡ್‌ಫಿಶ್ ತಂದಿದ್ದೆ, ಜೊತೆಗೆ ದುಂಡಗಿನ ಗಾಜಿನ ಬೋಗುಣಿ. ಎರಡು ತಿಂಗಳಾಯಿತು. ನಾಲ್ಕು ದಿನದಿಂದ ಒಂದು ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದೆ. ಸತ್ತಿಲ್ಲ. ಕಾಳು ಹಾಕಿದರೆ ಮಲಗಿದಲ್ಲೇ ತಿನ್ನುತ್ತದೆ. ಮಗಳು ಸಾಲಿಗೆ ಹೋಗುವಾಗ ಒಮ್ಮೆ, ಬಂದ ಮೇಲೆ ಒಮ್ಮೆ "ಅಪ್ಪಾ, ಅದು ಯಾಕ ಉಲ್ಟಾ ಆಗ್ಯಾದ?" ಅಂತ ಕೇಳುತ್ತಾಳೆ. ಅಂಗಡಿಯವನು ನೀಲಿ ಔಷಧಿ ಕೊಟ್ಟ. ಹಾಕಿದೆ, ನೀರು ನೀಲಿ ಆಯಿತು, ಮೀನು ಹಾಗೇ ಇದೆ. ಚಂದ ಕಾಣಲಿ ಅಂತ ಮನೆ ಕಟ್ಟುವಾಗ ಉಳಿದಿದ್ದ ಫರ್ಸಿ (ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು) ತುಂಡುಗಳನ್ನೂ ಒಳಗೆ ಇಟ್ಟಿದ್ದೇನೆ. ಏನು ಮಾಡಲಿ?
– ಓದುಗರು, ಶಹಾಬಜಾರ, ಕಲಬುರಗಿ

ಉತ್ತರ: ಮಲಗಿಕೊಂಡೇ ತಿನ್ನುತ್ತಿದೆ ಅಂದಿರಲ್ಲ, ನಿಮ್ಮ ಇಡೀ ಪತ್ರದಲ್ಲಿ ಒಳ್ಳೆ ಸುದ್ದಿ ಅದೊಂದೇ. ತಿನ್ನುವ ಮೀನಿಗೆ ಇನ್ನೂ ಆಸೆ ಇದೆ.

ಮೊದಲು ಮಗಳ ಪ್ರಶ್ನೆಗೆ ಉತ್ತರ. ಮೀನಿನ ಹೊಟ್ಟೆಯಲ್ಲಿ ಗಾಳಿ ತುಂಬಿದ ಒಂದು ಚೀಲ ಇರುತ್ತದೆ. ನೀರಲ್ಲಿ ಮೇಲೆ-ಕೆಳಗೆ ಆಗದೆ ನಿಲ್ಲುವುದಕ್ಕೆ ಅದೇ ಆಧಾರ. ಒರಾಂಡಾದಂಥ ದುಂಡು ಮೀನಿನಲ್ಲಿ ಮೈ ಗಿಡ್ಡ, ಆದ್ದರಿಂದ ಕರುಳು, ಗಾಳಿಚೀಲ ಎಲ್ಲವೂ ಇಕ್ಕಟ್ಟಾದ ಜಾಗದಲ್ಲಿ ಒತ್ತಿಕೊಂಡು ಕೂತಿರುತ್ತವೆ. ಒಣ ಕಾಳು ಹೊಟ್ಟೆಯಲ್ಲಿ ನೆನೆದು ಉಬ್ಬಿದರೆ, ಅಥವಾ ತೇಲುವ ಕಾಳಿನ ಜೊತೆ ಮೀನು ಗಾಳಿಯನ್ನೂ ನುಂಗಿದರೆ ತೂಕದ ಲೆಕ್ಕ ತಪ್ಪುತ್ತದೆ, ಮೀನು ಉಲ್ಟಾ ಆಗುತ್ತದೆ. ಸೋಂಕಿನಿಂದ, ಪೆಟ್ಟಿನಿಂದ, ಮೂತ್ರಪಿಂಡ ಊದಿಕೊಂಡೂ ಹೀಗಾಗಬಹುದು. ಹೊರಗಿನಿಂದ ನೋಡಿ ಯಾವುದು ಅಂತ ಹೇಳುವುದು ಕಷ್ಟ. ಅದಕ್ಕೇ ಸುಲಭದ್ದರಿಂದ ಶುರು ಮಾಡಬೇಕು.

ಸುಲಭದ್ದು ಅಂದರೆ ಉಪವಾಸ. ಎರಡು-ಮೂರು ದಿನ ಏನೂ ಹಾಕಬೇಡಿ. ಮನೆಯಲ್ಲಿ ಯಾರಾದರೂ "ಪಾಪ" ಅಂತ ಕದ್ದು ಹಾಕುತ್ತಾರೆ, ನೋಡಿಕೊಳ್ಳಿ! ದೊಡ್ಡ ಗೋಲ್ಡ್‌ಫಿಶ್‌ಗೆ ಅಷ್ಟು ಹಸಿವು ಏನೂ ಅಲ್ಲ. ಆಮೇಲೆ ಒಂದು ಹಸಿ ವಟಾಣಿ ಕಾಳು ಬೇಯಿಸಿ, ಸಿಪ್ಪೆ ತೆಗೆದು, ಉಪ್ಪು-ಗಿಪ್ಪು ಏನೂ ಹಾಕದೆ ಚೂರು ಮಾಡಿ ಕೊಡಿ. ಹಿಕ್ಕೆ ಸರಿಯಾಗಿ ಆಗತೊಡಗಿದರೆ ಮುಂದೆ ಮುಳುಗುವ ಕಾಳನ್ನೇ ತನ್ನಿ, ಅದನ್ನೂ ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ ಹಾಕಿ.

ಆದರೆ ನನಗೆ ನಿಜವಾಗಿ ಅನುಮಾನ ಇರುವುದು ಆ ಬೋಗುಣಿ ಮೇಲೆ. ಅದರಲ್ಲಿ ಎಷ್ಟು ನೀರು ಹಿಡಿಯಬಹುದು, ಎಂಟು ಲೀಟರ್, ಹತ್ತು ಲೀಟರ್? ಎರಡು ಗೋಲ್ಡ್‌ಫಿಶ್‌ಗೆ ನೂರು ಲೀಟರ್ ಹತ್ತಿರದ ತೊಟ್ಟಿ ಬೇಕು, ಫಿಲ್ಟರ್ ಸಮೇತ. ಇವು ತಿನ್ನುವುದೂ ಜಾಸ್ತಿ, ಹೊಲಸು ಮಾಡುವುದೂ ಜಾಸ್ತಿ. ಆ ಹೊಲಸಿನಿಂದ, ಕಿವಿರಿನಿಂದ ಅಮೋನಿಯಾ ಬಿಡುಗಡೆಯಾಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ನೀರು ಫಳಫಳ ಅನ್ನುತ್ತಿದ್ದರೂ ಒಳಗೆ ವಿಷ ಇರಬಹುದು. ನೀರು ಬಿಸಿಯಾದಷ್ಟೂ, ಕ್ಷಾರ ಹೆಚ್ಚಾದಷ್ಟೂ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಈಗ ನಿಮ್ಮ ಫರ್ಸಿ ನೆನಪು ಮಾಡಿಕೊಳ್ಳಿ. ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲು, ನೀರಲ್ಲಿ ಇಟ್ಟರೆ ನಿಧಾನಕ್ಕೆ ಕರಗುತ್ತ ನೀರಿನ ಗಡಸುತನ, ಕ್ಷಾರ ಎರಡನ್ನೂ ಏರಿಸುತ್ತದೆ. ಗೋಲ್ಡ್‌ಫಿಶ್‌ಗೆ ಗಡಸು ನೀರು ಆಗುತ್ತದೆ, ಕಲ್ಲಿನದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಬೋರಿನ ನೀರೇ ಗಡಸು, ಮೇಲೆ ಸುಣ್ಣದ ಕಲ್ಲು, ಮೇಲೆ ಬ್ಯಾಸಗಿ, ಮೇಲೆ ಹತ್ತು ಲೀಟರಿನಲ್ಲಿ ಎರಡು ಮೀನು. ಒಂದೊಂದಾದರೆ ತಡೆಯುತ್ತಿತ್ತು. ಕಲ್ಲು ತೆಗೆದುಬಿಡಿ.

ಇವತ್ತೇ ದೊಡ್ಡ ಪ್ಲಾಸ್ಟಿಕ್ ಟಬ್ ಒಂದಕ್ಕೆ ಮೀನುಗಳನ್ನು ಬಿಡಿ, ಗಾಳಿ ಪಂಪು ಹಾಕಿ. ತೊಟ್ಟಿ ಬರುವವರೆಗೆ ದಿನಾ ಕಾಲು ಭಾಗ ನೀರು ಬದಲಿಸಿ, ಪೂರ್ತಿ ಒಮ್ಮೆಲೇ ಬೇಡ. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಟ್ಟರೆ ಹೋಗುತ್ತದೆ. ನಳ ದಿನಾ ಬರದ ನಮ್ಮ ಊರಲ್ಲಿ ಡ್ರಮ್ಮಿನಲ್ಲಿ ಹೇಗೂ ನೀರು ನಿಂತಿರುತ್ತದಲ್ಲ, ಮೀನಿಗೆ ಮಾತ್ರ ಅದರಿಂದ ಅನುಕೂಲ! ಆರ್‌ಒ ನೀರು ಬೇಡ, ಅದರಲ್ಲಿ ಖನಿಜವೇ ಇರುವುದಿಲ್ಲ.

ನೀಲಿ ಔಷಧಿ ಅಂದರೆ ಬಹುಶಃ ಮೆಥಿಲಿನ್ ಬ್ಲೂ. ಅದು ಮೈಮೇಲಿನ ಬೂಷ್ಟಿಗೆ, ಮೊಟ್ಟೆಗೆ ಬೂಷ್ಟು ಹಿಡಿಯದಂತೆ ಹಾಕುವುದು. ಗಾಳಿಚೀಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಫಿಲ್ಟರ್ ಇದ್ದಿದ್ದರೆ ಅದರಲ್ಲಿ ಅಮೋನಿಯಾ ತಿನ್ನುವ ಒಳ್ಳೆ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತಿತ್ತು. ನಾನೂ ಸಾಚಾ ಏನಲ್ಲ. ಒಂದು ಭಾನುವಾರ ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಇಟ್ಟು, ಬಟ್ಟೆ ಹಿಂಡಿದ ಹಾಗೆ ಹಿಂಡಿ ಬೆಳ್ಳಗೆ ಮಾಡಿದ್ದೆ. ಬುಧವಾರದ ಹೊತ್ತಿಗೆ ನಾಲ್ಕು ಮೀನು ಹೋದವು. ಸ್ಪಂಜು ತೊಳೆಯುವುದಿದ್ದರೆ ತೊಟ್ಟಿಯಿಂದ ತೆಗೆದ ಹಳೇ ನೀರಲ್ಲೇ ಅದ್ದಿ ತೆಗೆಯಿರಿ, ಸಾಕು.

ಬಿಸಿಲಿಗೆ ಐಸ್ ಹಾಕಬೇಡಿ, ತಾಪ ಒಮ್ಮೆಲೇ ಏರುಪೇರಾದರೆ ಮೀನಿಗೆ ಅದೇ ಹೊಡೆತ. ಗೋಲ್ಡ್‌ಫಿಶ್‌ಗೆ 18ರಿಂದ 24 ಡಿಗ್ರಿ ಹಿತ. ನಮ್ಮ ಒಣ ಹವೆಯಲ್ಲಿ ಗಡಿಗೆ ನೀರು ಹೇಗೆ ತಣ್ಣಗಾಗುತ್ತದೆಯೋ ಹಾಗೇ ಇದೂ: ಮುಚ್ಚಳ ತೆಗೆದು ಟೇಬಲ್ ಫ್ಯಾನಿನ ಗಾಳಿ ನೀರಿನ ಮೇಲೆ ಬೀಳುವಂತೆ ಇಟ್ಟರೆ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಆವಿಯಾಗಿ ಕಡಿಮೆಯಾದಷ್ಟು ನೀರನ್ನು ಮತ್ತೆ ತುಂಬುತ್ತಿರಿ. ಕರೆಂಟ್ ಹೋದರೆ ಮಗ್ಗಿನಲ್ಲಿ ನೀರು ತೆಗೆದು ಎತ್ತರದಿಂದ ಸುರಿಯಿರಿ, ಗಾಳಿ ಸೇರುತ್ತದೆ.

ಇಷ್ಟೆಲ್ಲ ಮಾಡಿಯೂ ಮೀನು ಉಲ್ಟಾನೇ ಉಳಿಯಬಹುದು. ಉಳಿದರೆ ಉಳಿಯಲಿ. ಕೈಯಿಂದ ತಿನ್ನಿಸಿದರೆ ಅಂಥ ಮೀನು ಎಷ್ಟೋ ತಿಂಗಳು ಬದುಕುತ್ತದೆ. ನೀರಿನಿಂದ ಹೊರಗೆ ಚಾಚಿದ ಹೊಟ್ಟೆಯ ಚರ್ಮ ಒಣಗಿ ಹುಣ್ಣಾಗುತ್ತಿದೆಯಾ ಅಂತ ಮಾತ್ರ ದಿನಾ ನೋಡಿ.

ಪ್ರಶ್ನೆ: ನಮ್ಮ ತೊಟ್ಟಿಯಲ್ಲಿ ನಲವತ್ತರಷ್ಟು ಗಪ್ಪಿ ಇವೆ, ಎಲ್ಲಾ ಎರಡು ಜೋಡಿಯಿಂದ ಹುಟ್ಟಿದ್ದು. ಈಗ ಹುಟ್ಟುವ ಮರಿಗಳಲ್ಲಿ ಕೆಲವಕ್ಕೆ ಬೆನ್ನು ಸೊಟ್ಟ. ಒಂದು ದೊಡ್ಡ ಹೆಣ್ಣು ಮೀನಿಗೂ ಈಚೆಗೆ ಬೆನ್ನು ಬಾಗುತ್ತಿದೆ, ತೆಳ್ಳಗಾಗಿದೆ. ಇವನ್ನು ಸಾಯಿಸಿಬಿಡಬೇಕಾ? ಅತ್ತೆ ನೋಡಿದಾಗಲೆಲ್ಲ "ಗೂನು ಮೀನು ಮನ್ಯಾಗ ಇಡಬಾರ್ದು" ಅನ್ನುತ್ತಾರೆ.
– ಓದುಗರು, ಬೀದರ

ಉತ್ತರ: ಅತ್ತೆಯವರನ್ನು ಒಮ್ಮೆ ಮೀನಿನ ಅಂಗಡಿಗೆ ಕರೆದುಕೊಂಡು ಹೋಗಿ. ಬಲೂನ್ ಮೋಲಿ ಅಂತ ಮಾರುತ್ತಾರಲ್ಲ, ಅದರ ಬೆನ್ನುಮೂಳೆಯೇ ಗಿಡ್ಡವಾಗಿ ಡೊಂಕಾಗಿರುವುದು. ಪ್ಯಾರಟ್ ಫಿಶ್‌ಗೆ ಬಾಯಿ ಸರಿಯಾಗಿ ಮುಚ್ಚುವುದಿಲ್ಲ. ಕಲಬುರಗಿಯವರ ಒರಾಂಡಾ ಕೂಡ ಚೀನಾದಲ್ಲಿ ಬೂದು ಬಣ್ಣದ ಕಾರ್ಪ್ ಜಾತಿಯ ಮೀನುಗಳಲ್ಲಿ ಬಣ್ಣದವನ್ನು ಆರಿಸಿ, ಸಾವಿರ ವರ್ಷದಷ್ಟು ಕಾಲ ಸಾಕಿ ಸಾಕಿ ಮಾಡಿದ ಆಕಾರ. ನಾವೇ ಬೆಳೆಸಿದ ಗೂನಿಗೆ ಜಾಸ್ತಿ ದುಡ್ಡು ಕೊಡುತ್ತೇವೆ, ತಾನಾಗಿ ಬಂದ ಗೂನನ್ನು ಅಪಶಕುನ ಅನ್ನುತ್ತೇವೆ. ನನಗಂತೂ ಇದು ಅರ್ಥವಾಗಿಲ್ಲ.

ನಿಮ್ಮ ತೊಟ್ಟಿಯಲ್ಲಿ ಇರುವುದು ಎರಡು ಬೇರೆ ತೊಂದರೆ ಅಂತ ಕಾಣುತ್ತದೆ. ಹುಟ್ಟುತ್ತಲೇ ಸೊಟ್ಟ ಇರುವ ಮರಿಗಳಿಗೆ ಕಾರಣ ಬಹುತೇಕ ಒಂದೇ ರಕ್ತದಲ್ಲಿ ಮತ್ತೆ ಮತ್ತೆ ಸಂತಾನ ಆಗಿರುವುದು. ತಿಂದುಂಡು ಈಜುತ್ತಿದ್ದರೆ ಅವುಗಳ ಪಾಡಿಗೆ ಬಿಡಿ, ಬೇರೆ ತೊಟ್ಟಿಗೆ ಹಾಕಿ, ಮರಿ ಮಾತ್ರ ಮಾಡಿಸಬೇಡಿ. ಹೆಣ್ಣನ್ನು ಬೇರೆ ಇಟ್ಟರೂ ಮರಿ ಹಾಕಿದರೆ ಗಾಬರಿ ಬೇಡ, ಒಮ್ಮೆ ಗಂಡಿನ ಜೊತೆ ಸೇರಿದ ಗಪ್ಪಿ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಹೊಸ ರಕ್ತ ಬೇಕೆಂದರೆ ಬೇರೆ ಊರಿನಿಂದ ಗಂಡು ತನ್ನಿ. ಕಾಳಿನ ಡಬ್ಬಿ ಯಾವಾಗ ಒಡೆದದ್ದು ಅಂತಲೂ ನೋಡಿ. ವಿಟಮಿನ್ ಸಿ ಕಡಿಮೆಯಾದರೂ ಬೆನ್ನು ಬಾಗುತ್ತದೆ, ತೆರೆದಿಟ್ಟ ಹಳೇ ಕಾಳಿನಲ್ಲಿ ಅದು ಉಳಿದಿರುವುದಿಲ್ಲ.

ಆ ದೊಡ್ಡ ಹೆಣ್ಣಿನ ವಿಷಯ ಬೇರೆ. ದೊಡ್ಡದಾದ ಮೇಲೆ ಸೊರಗಿ, ಬಣ್ಣ ಕಳೆದುಕೊಂಡು, ಬೆನ್ನು ಬಾಗುತ್ತ ಬಂದರೆ ಮೀನಿನ ಕ್ಷಯ ಇರಬಹುದು. ಇವತ್ತೇ ಬೇರೆ ಮಾಡಿ. ಇದು ಮೀನಿನಿಂದ ಮೀನಿಗೆ ಹರಡುತ್ತದೆ, ಕೈಯಲ್ಲಿ ಗಾಯ ಇದ್ದರೆ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ, ವಾರಗಟ್ಟಲೆ ಮಾಯದ ಗಂಟು, ಹುಣ್ಣು ಆಗುತ್ತದೆ. ಹಾಗಾದರೆ ವೈದ್ಯರಿಗೆ ಮನೆಯಲ್ಲಿ ಮೀನು ಸಾಕಿದ್ದೇವೆ ಅಂತ ಮರೆಯದೆ ಹೇಳಿ. ಗ್ಲೌಸ್ ಹಾಕಿಕೊಳ್ಳಿ. ಪೈಪನ್ನು ಬಾಯಿಂದ ಎಳೆದು ನೀರು ತೆಗೆಯುವ ಚಾಳಿ ಇದ್ದರೆ ಇವತ್ತೇ ಬಿಡಿ. ಹೆಸರಲ್ಲೇ ಮೀನುಗಾರಿಕೆ ಇರುವ ಪಶು ವಿಶ್ವವಿದ್ಯಾಲಯ ನಿಮ್ಮ ಬೀದರಿನಲ್ಲೇ ಇದೆ. ಮೀನುಗಾರಿಕೆ ಕಾಲೇಜು ದೂರದ ಮಂಗಳೂರಿನಲ್ಲಿದ್ದರೂ ಇಲ್ಲಿನ ಪಶುವೈದ್ಯರನ್ನು ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ಮೀನಿನ ಹೊಟ್ಟೆ ಊದಿ ಹುರುಪೆ ಎದ್ದು ನಿಂತಿವೆ, ಮೇಲಿನಿಂದ ನೋಡಿದರೆ ಸೀತಾಫಲದ ಸಿಪ್ಪೆ ಹಾಗೆ. ಒಂದು ವಾರದಿಂದ ತಿಂದಿಲ್ಲ, ತಳದಲ್ಲಿ ಬಿದ್ದಿದೆ. ಕೆರೆಗೆ ಬಿಟ್ಟು ಬರಲಾ?
– ಓದುಗರು, ಯಾದಗಿರಿ

ಉತ್ತರ: ಬೇಡ. ಅದರ ರೋಗ ಕೆರೆಯ ಮೀನಿಗೆ ಹೋಗುತ್ತದೆ. ಅದೂ ಅಲ್ಲಿ ಬದುಕುವುದಿಲ್ಲ.

ಹುರುಪೆ ಹೀಗೆ ಎದ್ದರೆ ಒಳಗೆ ಮೂತ್ರಪಿಂಡ ಸೋತಿದೆ ಅಂತ ಲೆಕ್ಕ, ಈ ಹಂತದಲ್ಲಿ ಉಳಿಯುವುದು ತೀರಾ ಅಪರೂಪ. ಸಂಕಟದಿಂದ ಬಿಡಿಸುವುದಾದರೆ ಫ್ರಿಜ್ಜಿಗೆ ಹಾಕುವುದು, ಶೌಚಕ್ಕೆ ಸುರಿಯುವುದು ಬೇಡ. ಔಷಧಿ ಅಂಗಡಿಯಲ್ಲಿ ಲವಂಗದ ಎಣ್ಣೆ ಸಿಗುತ್ತದೆ. ಬೇರೆ ಪಾತ್ರೆಯಲ್ಲಿ ಅದೇ ತೊಟ್ಟಿಯ ನೀರು ತೆಗೆದು ಮೀನು ಬಿಡಿ. ಲೀಟರಿಗೆ ಹತ್ತು ಹನಿಯಂತೆ ಎಣ್ಣೆಯನ್ನು ಮೊದಲು ಸಣ್ಣ ಬಾಟಲಿ ನೀರಲ್ಲಿ ಹಾಲಿನ ಹಾಗೆ ಆಗುವವರೆಗೆ ಕುಲುಕಿ, ನಿಧಾನಕ್ಕೆ ಸುರಿಯಿರಿ. ಅದು ಮಂಪರಿನಲ್ಲೇ ಹೋಗುತ್ತದೆ. ಕಿವಿರು ನಿಂತ ಮೇಲೂ ಅರ್ಧ ಗಂಟೆ ತೆಗೆಯಬೇಡಿ. ಆಮೇಲೆ ಹಿತ್ತಲಲ್ಲಿ ಹೂಳಿ. ಒಂದು ಗೇಣು ಆಳ ಸಾಲದು, ಬೆಕ್ಕು ಕೆದರುತ್ತದೆ.