ವೀಸಾ ಬೇಡ ಎಂದ ಮಾತ್ರಕ್ಕೆ ಟಿಕೆಟ್ ಒಂದೇ ಸಾಲದು: ಮಲೇಷ್ಯಾ–ಥಾಯ್ಲೆಂಡ್ ಪ್ರಶ್ನೆಗೆ ಉತ್ತರ

ನಿನ್ನೆ ನೀವು ಈ ಗುಂಪಿನಲ್ಲಿ ಹಾಕಿದ ಪ್ರವಾಸದ ಯೋಜನೆಯನ್ನು ಪೂರ್ತಿ ಓದಿದೆ. ನೀವಿಬ್ಬರು, ಇಬ್ಬರು ಮಕ್ಕಳು ಮತ್ತು ನಿಮ್ಮ ತಂದೆಯವರು ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಹೋಗಿ, ಅಲ್ಲಿಂದ ಥಾಯ್ಲೆಂಡಿನ ಕ್ರಾಬಿ ಮತ್ತು ಬ್ಯಾಂಕಾಕ್ ನೋಡಿಕೊಂಡು, ಮತ್ತೆ ಕ್ವಾಲಾಲಂಪುರದ ಮೇಲೆಯೇ ಊರಿಗೆ ಮರಳುವ ಆಲೋಚನೆ. ಹೋಗುವ ಟಿಕೆಟ್ ಆಗಿದೆ, ಬರುವ ಟಿಕೆಟ್ ಅಲ್ಲಿಗೆ ಹೋದ ಮೇಲೆ ಅಗ್ಗಕ್ಕೆ ಸಿಕ್ಕಾಗ ನೋಡೋಣ, ತಂದೆಯವರ ಪಾಸ್‌ಪೋರ್ಟ್‌ಗೆ ಇನ್ನೂ ಐದು ತಿಂಗಳಿದೆ, ಹೇಗೂ ವೀಸಾ ಬೇಡವಲ್ಲ ಎಂದು ಬರೆದಿದ್ದೀರಿ. ಕೆಳಗೆ ಕೆಲವರು ‘ಏನೂ ಆಗಲ್ಲ, ಆರಾಮಾಗಿ ಹೋಗಿಬನ್ನಿ’ ಎಂದು ಹರಸಿಯೂ ಬಿಟ್ಟಿದ್ದಾರೆ. ದಯವಿಟ್ಟು ಆ ಹರಕೆಯನ್ನು ನಂಬಿಕೊಂಡು ಹೊರಡಬೇಡಿ. ಇದೇ ಲೆಕ್ಕಾಚಾರದಲ್ಲಿ ಹೊರಟು ವಿಮಾನ ನಿಲ್ದಾಣದಿಂದ ವಾಪಸು ಬಂದವರು ನಮ್ಮ ಬಳಗದಲ್ಲೇ ಇದ್ದಾರೆ.

ನನ್ನ ತಂಗಿಯ ಮನೆಯವರು ಥಾಯ್ಲೆಂಡಿಗೆ ಹೊರಟಾಗ ಅವಳ ಮಾವನವರ ಪಾಸ್‌ಪೋರ್ಟ್‌ಗೆ ಆರು ತಿಂಗಳಿಗಿಂತ ಕಡಿಮೆ ಅವಧಿ ಉಳಿದಿತ್ತು. ಚೆಕ್-ಇನ್ ಕೌಂಟರಿನಲ್ಲಿದ್ದ ಹುಡುಗಿ ಫೋಟೊ ಇರುವ ಪುಟವನ್ನು ತೆರೆದು, ಮುಕ್ತಾಯದ ದಿನಾಂಕದ ಮೇಲೆ ಬೆರಳಿಟ್ಟು, ಇನ್ನೊಂದು ಕೈಯ ಗೆಣ್ಣುಗಳಲ್ಲಿ ತಿಂಗಳುಗಳನ್ನು ಎಣಿಸಿ, ಆಗಲೇ ಬೆಲ್ಟಿನ ಮೇಲೆ ಕೂತಿದ್ದ ಸೂಟ್‌ಕೇಸನ್ನು ಕೆಳಗಿಳಿಸಲು ಹೇಳಿದಳು. ‘ವೀಸಾ ಬೇಡವಲ್ಲಮ್ಮ’ ಎಂದು ಹಿರಿಯರು ಎಷ್ಟು ಬಗೆಯಲ್ಲಿ ಹೇಳಿದರೂ ಉಪಯೋಗವಾಗಲಿಲ್ಲ. ಕೊನೆಗೆ ಉಳಿದವರು ವಿಮಾನ ಹತ್ತಿದರು, ಅವರೊಬ್ಬರು ಸೂಟ್‌ಕೇಸ್ ಸಮೇತ ವಾಯು ವಜ್ರ ಬಸ್ಸು ಹಿಡಿದು ಬನಶಂಕರಿಗೆ ಮರಳಿದರು. ಆ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ. ಪ್ರವೇಶಕ್ಕೆ ಅರ್ಹತೆಯಿಲ್ಲದ ಪ್ರಯಾಣಿಕನನ್ನು ಕರೆದೊಯ್ದರೆ ಅವನನ್ನು ವಾಪಸು ತರುವ ಹೊಣೆ ವಿಮಾನ ಕಂಪನಿಯದು, ಅನೇಕ ದೇಶಗಳಲ್ಲಿ ಅದರ ಮೇಲೆ ದಂಡವೂ ಬೀಳುತ್ತದೆ. ಆದ್ದರಿಂದ ಅವರು ಟಿಮ್ಯಾಟಿಕ್ ಎಂಬ ದತ್ತಾಂಶದಲ್ಲಿ ನಿಮ್ಮ ಪೌರತ್ವ, ಹೋಗುವ ದೇಶ ಮತ್ತು ಪಾಸ್‌ಪೋರ್ಟ್ ಅವಧಿಯನ್ನು ತಾಳೆ ನೋಡುತ್ತಾರೆ. ವೀಸಾ ಬೇಕಾದ ದೇಶವಾದರೆ ಈ ಪರಿಶೀಲನೆಯ ಬಹುಪಾಲು ರಾಯಭಾರ ಕಚೇರಿಯಲ್ಲೇ ಮುಗಿದಿರುತ್ತದೆ. ವೀಸಾ ಇಲ್ಲದ ಕಡೆ ಅಷ್ಟೂ ಪ್ರಶ್ನೆಗಳು ಮೊದಲು ಏಳುವುದು ದೇವನಹಳ್ಳಿಯ ಕೌಂಟರಿನಲ್ಲಿಯೇ.

ಹೀಗಾಗಿ ಮೊದಲು ತಂದೆಯವರ ಪಾಸ್‌ಪೋರ್ಟ್ ವಿಷಯ. ವೀಸಾ ಬೇಡದಿದ್ದರೂ ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಆ ಆರು ತಿಂಗಳನ್ನು ಆ ದೇಶವನ್ನು ಪ್ರವೇಶಿಸುವ ದಿನದಿಂದ ಎಣಿಸುತ್ತಾರೆ, ಟಿಕೆಟ್ ಕೊಂಡ ದಿನದಿಂದಲ್ಲ. ನಾನಂತೂ ಊರಿಗೆ ಮರಳುವ ದಿನದಿಂದ ಎಣಿಸಿಕೊಳ್ಳುತ್ತೇನೆ, ಆಗ ವಾದಕ್ಕೆ ಎಡೆಯೇ ಇರುವುದಿಲ್ಲ. ಐದು ತಿಂಗಳು ಸಾಲದ್ದರಿಂದ ಹೊಸ ಪಾಸ್‌ಪೋರ್ಟ್ ಮಾಡಿಸಲೇಬೇಕು: 36 ಪುಟಗಳ ಪುಸ್ತಕದ ಮರುವಿತರಣೆಗೆ 1,500 ರೂಪಾಯಿ, ತತ್ಕಾಲ್ ಆದರೆ ಅದರ ಮೇಲೆ 2,000 ರೂಪಾಯಿ. ಅರ್ಜಿ ತುಂಬುವಾಗ ಇನ್ನೊಂದು ಕೆಲಸವನ್ನೂ ಮುಗಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ದಾಟದ ಹಿರಿಯರ ಹಳೆಯ ಪಾಸ್‌ಪೋರ್ಟ್‌ಗಳಲ್ಲಿ ಇಸಿಆರ್ ಎಂಬ ನಮೂದು (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ನಮ್ಮ ಸರ್ಕಾರದ ಅನುಮತಿ ಬೇಕು ಎಂಬ ಗುರುತು) ಇರುತ್ತದೆ, ಮಲೇಷ್ಯಾ ಮತ್ತು ಥಾಯ್ಲೆಂಡ್ ಎರಡೂ ಆ ಪಟ್ಟಿಯ 18 ದೇಶಗಳಲ್ಲಿ ಸೇರಿವೆ. ಪ್ರವಾಸಿಗರಿಗೆ ಅದರಿಂದ ತಡೆಯಿಲ್ಲ, ಆದರೆ ನಮ್ಮ ಇಮಿಗ್ರೇಷನ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದೀರಾ ಎಂದು ಕೇಳುವ ಸಂಭವವಿದೆ. ಐವತ್ತು ದಾಟಿದವರಿಗೆ ಆ ನಮೂದಿನ ಅಗತ್ಯವೇ ಇಲ್ಲದಿರುವುದರಿಂದ ಹೊಸ ಪುಸ್ತಕ ಪಡೆಯುವಾಗಲೇ ಅದನ್ನು ತೆಗೆಸಿಬಿಡಿ.

ನೀವು ಕೇಳದ ಒಂದು ಪ್ರಶ್ನೆಗೂ ಇಲ್ಲಿಯೇ ಉತ್ತರಿಸುತ್ತೇನೆ. ಮಕ್ಕಳ ಪಾಸ್‌ಪೋರ್ಟ್‌ಗಳನ್ನು ಈಗಲೇ ಬೀರುವಿನಿಂದ ತೆಗೆದು ನೋಡಿ. ದೊಡ್ಡವರದು ಹತ್ತು ವರ್ಷ ನಡೆಯುತ್ತದೆ, ಮಕ್ಕಳದು ಐದೇ ವರ್ಷ, ಅದಕ್ಕೂ ಮೊದಲು ಹದಿನೆಂಟು ತುಂಬಿದರೆ ಅಲ್ಲಿಯವರೆಗೆ. ಎಲ್ಲರದನ್ನೂ ಒಟ್ಟಿಗೆ ಮಾಡಿಸಿದ್ದೇವೆ ಎಂಬ ಧೈರ್ಯದಲ್ಲಿ ಇರುವವರಿಗೆ ಕೈಕೊಡುವುದು ಇದೇ. ಪುಟ ಹರಿದಿದ್ದರೆ, ಹೊಲಿಗೆ ಬಿಚ್ಚಿದ್ದರೆ ಅದೂ ಮರುವಿತರಣೆಗೆ ಸಾಕಷ್ಟು ಕಾರಣ. ಹೊಸ ಪುಸ್ತಕಕ್ಕೆ ಹೊಸ ಸಂಖ್ಯೆ ಬರುವುದರಿಂದ, ಟಿಕೆಟ್‌ನಲ್ಲಿ ಹಳೆಯ ಸಂಖ್ಯೆ ಕೊಟ್ಟಿದ್ದರೆ ವಿಮಾನ ಕಂಪನಿಯ ತಾಣದಲ್ಲಿ ಅದನ್ನು ಬದಲಿಸುವುದನ್ನು ಮರೆಯಬೇಡಿ.

ಎರಡನೆಯದು ಮರಳುವ ಟಿಕೆಟ್. ಮಲೇಷ್ಯಾ ಭಾರತೀಯರಿಗೆ 2023ರ ಡಿಸೆಂಬರ್ 1ರಿಂದ 30 ದಿನಗಳ ವೀಸಾರಹಿತ ಪ್ರವೇಶ ಕೊಟ್ಟಿದೆ, ಅದನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿದೆ. ಥಾಯ್ಲೆಂಡ್ ಮೊದಲು 30 ದಿನ ಕೊಟ್ಟು, 2024ರ ಜುಲೈ 15ರಿಂದ 60 ದಿನಕ್ಕೆ ಏರಿಸಿತು. ಇವೆಲ್ಲ ಆಯಾ ಸರ್ಕಾರಗಳು ಇಷ್ಟಬಂದಾಗ ಬದಲಿಸಬಹುದಾದ ರಿಯಾಯಿತಿಗಳಾದ್ದರಿಂದ, ಟಿಕೆಟ್ ಕೊಳ್ಳುವ ಮುನ್ನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ರಾಯಭಾರ ಕಚೇರಿಯ ಪುಟವನ್ನು ನೋಡಬೇಕು. ಹಳೆಯ ಯೂಟ್ಯೂಬ್ ವಿಡಿಯೊ ನಂಬಿ ಹೊರಡಬಾರದು. ಇರಾನ್ 2024ರ ಫೆಬ್ರವರಿಯಲ್ಲಿ ನಮಗೆ ಕೊಟ್ಟಿದ್ದ ವೀಸಾ ವಿನಾಯಿತಿಯನ್ನು 2025ರ ನವೆಂಬರ್ 22ರಿಂದ ಅಮಾನತುಗೊಳಿಸಿತು, ಅದು ಗೊತ್ತಿಲ್ಲದೆ ಈಗಲೂ ‘ವೀಸಾ ಬೇಡದ ದೇಶಗಳು’ ಎಂಬ ಪಟ್ಟಿಗಳನ್ನು ಇದೇ ಗುಂಪಿನಲ್ಲಿ ಹಂಚುವವರಿದ್ದಾರೆ. ದಿನಗಳ ಲೆಕ್ಕ ಏನೇ ಇರಲಿ, ಆ ಅವಧಿಯೊಳಗೆ ದೇಶ ಬಿಟ್ಟು ಹೋಗುವ ಖಚಿತ ಟಿಕೆಟ್ ಇಲ್ಲದವರನ್ನು ಕೌಂಟರಿನಲ್ಲೇ ನಿಲ್ಲಿಸುವ ಅಧಿಕಾರ ವಿಮಾನ ಕಂಪನಿಯವರಿಗಿದೆ. ಇನ್ನೂರು ಮುನ್ನೂರು ರೂಪಾಯಿಗೆ ಡಮ್ಮಿ ಟಿಕೆಟ್ ಮಾಡಿಕೊಡುತ್ತೇವೆ ಎನ್ನುವವರ ನಂಬರನ್ನು ಯಾರೋ ಕಾಮೆಂಟಿನಲ್ಲಿ ಹಾಕಿದ್ದಾರೆ, ಅಡ್ಮಿನ್ ಅವರು ದಯವಿಟ್ಟು ಅದನ್ನು ತೆಗೆಯಬೇಕು. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಸುಳ್ಳು ಕಾಗದ ಹಿಡಿದು ಪರದೇಶದ ಅಧಿಕಾರಿಯ ಮುಂದೆ ನಿಲ್ಲುವುದು ಯಾವ ಉಳಿತಾಯಕ್ಕಾಗಿ ಎಂಬುದು ನನಗೆ ಅರ್ಥವಾಗುವುದಿಲ್ಲ.

ಇನ್ನು ಆಗಮನದ ಡಿಜಿಟಲ್ ಕಾರ್ಡುಗಳು, ಅಂದರೆ ಆ ದೇಶ ತಲುಪುವ ಮುನ್ನ ಆನ್‌ಲೈನಿನಲ್ಲಿ ತುಂಬುವ ವಿವರಗಳ ಅರ್ಜಿ. ಮಲೇಷ್ಯಾದ ಎಂಡಿಎಸಿ 2024ರ ಜನವರಿಯಿಂದ, ಥಾಯ್ಲೆಂಡಿನ ಟಿಡಿಎಸಿ 2025ರ ಮೇ 1ರಿಂದ ಕಡ್ಡಾಯವಾಗಿವೆ. ಎರಡನ್ನೂ ಆಯಾ ದೇಶಕ್ಕೆ ತಲುಪುವ ಮುಂಚಿನ ಮೂರು ದಿನಗಳೊಳಗೆ ತುಂಬಬೇಕು, ಕೈಗೂಸಿಗೂ ಪ್ರತ್ಯೇಕ ಕಾರ್ಡ್ ಬೇಕು, ಎರಡಕ್ಕೂ ಒಂದು ಪೈಸೆ ಶುಲ್ಕವಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಕಾಣುವ ಜಾಹೀರಾತಿನ ತಾಣಗಳು ಸರ್ಕಾರದ್ದೇ ಎಂಬಂತೆ ಲಾಂಛನ ಹಾಕಿಕೊಂಡು ಡಾಲರ್ ಲೆಕ್ಕದಲ್ಲಿ ವಸೂಲಿ ಮಾಡುತ್ತವೆ. ವಿಳಾಸದಲ್ಲಿ ಮಲೇಷ್ಯಾದ್ದಾದರೆ ಗವ್ ಡಾಟ್ ಎಂವೈ, ಥಾಯ್ಲೆಂಡಿನದಾದರೆ ಗೋ ಡಾಟ್ ಟಿಎಚ್ ಇದೆಯೇ ಎಂದು ನೋಡಿಯೇ ಮುಂದುವರಿಯಿರಿ. ನಿಮ್ಮ ಯೋಜನೆಯಲ್ಲಿ ಮಲೇಷ್ಯಾವನ್ನು ಎರಡು ಬಾರಿ ಪ್ರವೇಶಿಸುವುದರಿಂದ, ಬ್ಯಾಂಕಾಕಿನಿಂದ ಮರಳುವಾಗ ನಿಲ್ದಾಣದ ಹೊರಗೆ ಬರುವುದಾದರೆ ಎಂಡಿಎಸಿಯನ್ನು ಎರಡನೆಯ ಸಲವೂ ತುಂಬಬೇಕು. ಇದನ್ನು ಹೇಳುವವರು ಕಡಿಮೆ, ಬ್ಯಾಂಕಾಕಿನ ಹೋಟೆಲಿನಲ್ಲಿ ಕೂತು ನೆನಪಾಗುವವರೇ ಹೆಚ್ಚು.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ವಿಶೇಷ ಕಷ್ಟವಿದೆ. ಪಾಸ್‌ಪೋರ್ಟ್‌ನಲ್ಲಿ ಕೆಲವರ ಸರ್‌ನೇಮ್ ಖಾಲಿ, ಕೆಲವರದು ಊರು ಮತ್ತು ತಂದೆಯ ಹೆಸರು ಬಿಡಿಸಿ ಬರೆದು ಮಾರುದ್ದ. ಟಿಕೆಟ್‌ನಲ್ಲಿ ‘ಕೆ.ಎಸ್.’ ಎಂದು ಚುಟುಕಾಗಿ ಹಾಕಿ ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಇದ್ದರೆ ತಕರಾರು ಖಂಡಿತ. ಟಿಕೆಟ್ ಮತ್ತು ಕಾರ್ಡ್ ಎರಡರಲ್ಲೂ ಪಾಸ್‌ಪೋರ್ಟ್ ನೋಡಿ ಅಕ್ಷರಕ್ಕೆ ಅಕ್ಷರ ನಕಲು ಮಾಡಿ.

ಬಿಡಿಬಿಡಿ ಟಿಕೆಟ್‌ಗಳ ಬಗ್ಗೆಯೂ ಎಚ್ಚರವಿರಲಿ. ಬ್ಯಾಂಕಾಕ್–ಕ್ವಾಲಾಲಂಪುರ ಒಂದು ಕಂಪನಿಯಲ್ಲಿ, ಕ್ವಾಲಾಲಂಪುರ–ಬೆಂಗಳೂರು ಇನ್ನೊಂದರಲ್ಲಿ ಕೊಂಡರೆ, ಲಗೇಜ್ ತೆಗೆದುಕೊಳ್ಳಲು ಇಮಿಗ್ರೇಷನ್ ದಾಟಿ ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ. ಏರ್‌ಏಷ್ಯಾ ಇಳಿಯುವುದು ಟರ್ಮಿನಲ್ 2ರಲ್ಲಿ, ಮಲೇಷ್ಯಾ ಏರ್‌ಲೈನ್ಸ್ ಹೊರಡುವುದು ಟರ್ಮಿನಲ್ 1ರಿಂದ, ನಡುವೆ ರೈಲು ಹಿಡಿಯಬೇಕು. ಹಿರಿಯರು ಜೊತೆಯಲ್ಲಿರುವಾಗ ನನ್ನ ಆಯ್ಕೆ ಒಂದೇ ಪಿಎನ್‌ಆರ್‌ನ ಟಿಕೆಟ್. ಏರ್‌ಏಷ್ಯಾದಲ್ಲಾದರೆ ಫ್ಲೈ-ಥ್ರೂ (ಲಗೇಜ್ ನೇರವಾಗಿ ಕೊನೆಯ ಊರಿಗೆ ಹೋಗುವ ಟಿಕೆಟ್) ಎಂದೇ ನಮೂದಾದದ್ದನ್ನು ನೋಡಿ ಕೊಳ್ಳಿ. ಅಗ್ಗವಾಯಿತೆಂದು ಸಿಂಗಪುರದ ಮೇಲೆ ಬಿಡಿ ಟಿಕೆಟ್ ಹಾಕಿಕೊಳ್ಳಬೇಡಿ, ಅಲ್ಲಿ ಲಗೇಜಿಗಾಗಿ ಹೊರಗೆ ಬರಲು ನಮಗೆ ವೀಸಾ ಬೇಕು. ಹಾಗೆಯೇ ಸಿಂಗಪುರ ಅಥವಾ ದುಬೈ ಮೂಲಕ ಹೋಗುವವರು ಪಾಯಸಕ್ಕೆಂದು ಗಸಗಸೆ ಕಟ್ಟಿಕೊಳ್ಳಬಾರದು, ಎರಡೂ ಕಡೆ ಅದು ನಿಷಿದ್ಧ.

ಮೊಬೈಲಿನಲ್ಲಿ ಎಲ್ಲ ಇದೆ ಎನ್ನುವವರ ಜೊತೆ ನನಗೆ ಜಗಳವಿಲ್ಲ, ಆದರೆ ನಾನು ಪ್ರತಿಯೊಬ್ಬರ ಹೆಸರಿನಲ್ಲೂ ಒಂದೊಂದು ಪ್ಲಾಸ್ಟಿಕ್ ಫೋಲ್ಡರ್ ಮಾಡಿ, ಮರಳುವ ಟಿಕೆಟ್, ಮೊದಲ ರಾತ್ರಿಯ ಹೋಟೆಲ್ ವಿಳಾಸ, ಆಗಮನದ ಕಾರ್ಡ್ ಮತ್ತು ವಿದೇಶಿ ಹಣ ತುಂಬಿದ ಫೋರೆಕ್ಸ್ ಕಾರ್ಡಿನಲ್ಲಿ ಉಳಿದಿರುವ ಮೊತ್ತದ ವಿವರದ ಮುದ್ರಿತ ಪ್ರತಿ ಇಡುತ್ತೇನೆ. ಹಿರಿಯರು ಬೇರೆ ಸಾಲಿನಲ್ಲಿ ಸಿಕ್ಕಿಕೊಂಡರೆ ನೀವು ಅಲ್ಲಿಗೆ ಹೋಗಿ ಉತ್ತರಿಸಲು ಬಿಡುವುದಿಲ್ಲ, ಆಗ ಅವರ ಕೈಯಲ್ಲಿರುವ ಕಾಗದವೇ ಮಾತನಾಡಬೇಕು. ಮುದ್ರೆ ಬಿದ್ದ ಕೂಡಲೇ ಅಲ್ಲಿಯೇ ನಿಂತು ಎಷ್ಟನೇ ತಾರೀಕಿನವರೆಗೆ ಅನುಮತಿಯಿದೆ ಎಂದು ನೋಡಿ. ತಲುಪಿದ ದಿನವೇ ಮೊದಲ ದಿನವಾಗಿ ಲೆಕ್ಕಕ್ಕೆ ಬರುತ್ತದೆ, ಥಾಯ್ಲೆಂಡಿನಲ್ಲಿ ಮೀರಿದರೆ ದಿನಕ್ಕೆ 500 ಬಾತ್ ದಂಡ.

ನಿಮ್ಮ ಮಟ್ಟಿಗೆ, ತಂದೆಯವರ ತತ್ಕಾಲ್ ಅರ್ಜಿಯನ್ನು ಇವತ್ತೇ ಹಾಕಿ, ಲಾಲ್‌ಬಾಗ್ ರಸ್ತೆಯ ಸೇವಾ ಕೇಂದ್ರದಲ್ಲಿ ದಿನ ಸಿಗದಿದ್ದರೆ ಮಾರತ್ತಹಳ್ಳಿಯಲ್ಲಿ ನೋಡಿ. ಹೊಸ ಪುಸ್ತಕ ಕೈಸೇರಿದ ಮೇಲೆ ಮರಳುವ ಟಿಕೆಟ್, ಅದಾದ ಮೇಲೆ ಹೋಟೆಲ್, ಕಡೆಯ ಮೂರು ದಿನದಲ್ಲಿ ಕಾರ್ಡುಗಳು. ಕಾರ್ಡ್ ತುಂಬುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಪಾಸ್‌ಪೋರ್ಟ್ ಸಂಖ್ಯೆಯನ್ನು ಮರೆಮಾಡಿ ಪರದೆಯ ಚಿತ್ರವನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.