ಪ್ರತಿಕ್ರಿಯೆ: ಹಾಲೆಂಡ್ ಬಿಡುವ ಮೊದಲೇ ವಿಲಿಯಂ ಇಂಗ್ಲೆಂಡ್ ತಲುಪಿದ್ದು ಹೇಗೆ?
ಮುಂದೆ ಇಂಗ್ಲೆಂಡಿನ ದೊರೆಯಾದ ಡಚ್ ರಾಜಕುಮಾರ ವಿಲಿಯಂ ನವೆಂಬರ್ 11ಕ್ಕೆ ಹಾಲೆಂಡ್ ಬಿಟ್ಟ ಎಂದು ಒಂದು ಪುಸ್ತಕ, 5ಕ್ಕೇ ಇಂಗ್ಲೆಂಡಿನಲ್ಲಿ ಇಳಿದ ಎಂದು ಇನ್ನೊಂದು ಹೇಳುತ್ತದೆ ಎಂದಿರಿ. ನಿಮ್ಮ ಎರಡೂ ಪುಸ್ತಕಗಳು ಸರಿ ಇರಬಹುದು, ಕ್ಯಾಲೆಂಡರ್ ಮಾತ್ರ ಬೇರೆ. 1688ರ ನವೆಂಬರ್ 11ಕ್ಕೆ ಹೊರಟದ್ದು ಡಚ್ಚರ ಗ್ರೆಗೋರಿಯನ್ ಲೆಕ್ಕ (ಈಗ ನಾವು ಬಳಸುವ ಕ್ಯಾಲೆಂಡರ್). ನವೆಂಬರ್ 5ಕ್ಕೆ ಇಂಗ್ಲೆಂಡಿನ ಕರಾವಳಿಯ ಟಾರ್‌ಬೇಯಲ್ಲಿ ಇಳಿದದ್ದು ಇಂಗ್ಲೆಂಡಿನ ಜೂಲಿಯನ್ ಲೆಕ್ಕ (ಅದಕ್ಕಿಂತ ಹಳೆಯ ಕ್ಯಾಲೆಂಡರ್). ಅದಕ್ಕೆ 10 ದಿನ ಸೇರಿಸಿದರೆ ನವೆಂಬರ್ 15.

ಉಳಿದ ತಾರೀಖುಗಳಿಗೂ ಮೊದಲು ದಾಖಲೆ ಯಾವ ದೇಶದ್ದು ನೋಡಿ. ಸ್ಪೇನ್, ಪೋರ್ಚುಗಲ್ 1582ರಲ್ಲೇ ಗ್ರೆಗೋರಿಯನ್‌ಗೆ ಬದಲಾದವು, ಇಂಗ್ಲೆಂಡ್ 1752ರಲ್ಲಿ. ಆಮೇಲೆ ಜೂಲಿಯನ್ ತಾರೀಖಾದರೆ ವ್ಯತ್ಯಾಸ ಕೂಡಿಸಿ: 1700ರ ಫೆಬ್ರವರಿ ಕೊನೆಯವರೆಗೆ 10 ದಿನ, ನಂತರ 11.

ಜನ ಹೆಚ್ಚು ಎಡವುವುದು ವರ್ಷದಲ್ಲಿ. ಇಂಗ್ಲೆಂಡಿನಲ್ಲಿ ಆಗ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ (ಸ್ಕಾಟ್ಲೆಂಡ್ 1600ರಲ್ಲೇ ಜನವರಿ 1ಕ್ಕೆ ಬಂದಿತ್ತು). ಹಾಗಾಗಿ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್‌ನ ಶಿರಚ್ಛೇದ ಅಂದಿನ ಇಂಗ್ಲಿಷ್ ಕಾಗದಗಳಲ್ಲಿ 1648ರ ಜನವರಿ 30. ನಮ್ಮ ಲೆಕ್ಕಕ್ಕೆ 1649. ಮೂಲ ದಾಖಲೆಯಲ್ಲಿ ಜನವರಿ 1ರಿಂದ ಮಾರ್ಚ್ 24ರೊಳಗಿನ ತಾರೀಖಿದ್ದರೆ ವರ್ಷಕ್ಕೆ ಒಂದು ಕೂಡಿಸಿ.

ಈಗಿನ ಪುಸ್ತಕಗಳಿಗೆ ಹಾಗೆ ಮಾಡಬೇಡಿ. ಅವು ಸಾಮಾನ್ಯವಾಗಿ ವರ್ಷ ತಿದ್ದಿ, ದಿನವನ್ನು ಹಾಗೇ ಬಿಟ್ಟಿರುತ್ತವೆ. ಮುನ್ನುಡಿಯಲ್ಲಿ ಹೇಳಿರದಿದ್ದರೆ ಚಾರ್ಲ್ಸ್‌ನ ತಾರೀಖು ತೆಗೆದು ನೋಡಿ (1649ರ ಜನವರಿ 30 ಎಂದಿದ್ದರೆ ವರ್ಷ ಮಾತ್ರ ತಿದ್ದಿದೆ), ಅಂದಾಜು ಸಿಗುತ್ತದೆ, ಪೂರ್ತಿ ಖಾತ್ರಿಯಲ್ಲ. ಟಿಪ್ಪಣಿಯಲ್ಲಿ ಎರಡೂ ಲೆಕ್ಕದ ದಿನ ಬರೆದಿಡಿ: 5/15 ನವೆಂಬರ್ 1688.